ಇಳಯರಾಜರ ತೈಲಚಿತ್ರಗಳಲ್ಲಿ ಬಿಡುವಿನ ಹೊತ್ತು

ತಮಿಳುನಾಡಿನ ಚಿತ್ರಕಲಾವಿದ ಎಸ್. ಇಳಯರಾಜ (1979-2021) ಅವರ ತೈಲಚಿತ್ರಗಳನ್ನು ಕಂಡವರು ಮೊದಲು ಆಡುವ ಮಾತು, ಅವು ಛಾಯಾಚಿತ್ರದಂತಿವೆ ಎಂಬುದು. ಮೆಚ್ಚುವವರದೂ ಇದೇ ಮಾತು, ಆಕ್ಷೇಪಿಸುವವರದೂ ಇದೇ. ಕುಂಚದ ಕೌಶಲದ ಬಳಿಯೇ ನಿಂತುಬಿಡುವ ಈ ಚರ್ಚೆಯು ಚಿತ್ರಿತವಾದ ಬದುಕಿನತ್ತ ಹೊರಳುವುದು ಅಪರೂಪ.

ಕುಂಭಕೋಣದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿ, ಕುಂಭಕೋಣ ಹಾಗೂ ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದ ಇವರು, ದ್ರಾವಿಡ ಸ್ತ್ರೀಯರನ್ನು ಕುರಿತ ಚಿತ್ರಸರಣಿಯಿಂದ ಹೆಸರಾದರು. 'ಆನಂದ ವಿಕಟನ್' ವಾರಪತ್ರಿಕೆಯ ಮೂಲಕ ಇವರ ಚಿತ್ರಗಳು ಗ್ಯಾಲರಿಯ ಮೆಟ್ಟಿಲು ಹತ್ತದವರ ಮನೆಗಳನ್ನೂ ತಲುಪಿದವು. 2021ರ ಜೂನ್‌ನಲ್ಲಿ ಕೋವಿಡ್ ಸೋಂಕಿನಿಂದ ಅವರು ತೀರಿಕೊಂಡರು.

ಈ ಚಿತ್ರಗಳಲ್ಲಿ ಘಟನೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಬಾಗಿಲ ಬಳಿ ಕುಳಿತವಳು, ಕಂಬಕ್ಕೊರಗಿ ನಿಂತವಳು, ಅಡುಗೆಮನೆಯ ಮಬ್ಬಿನಲ್ಲಿ ಪಾತ್ರೆಗಳ ನಡುವೆ ಇರುವವಳು. ಒಂದು ಕಡೆಯಿಂದ ಬಿದ್ದ ಬೆಳಕು. ಹೊಸ್ತಿಲ ಮೇಲೆ ಕೂರಬಾರದೆಂಬ ನಂಬಿಕೆ ಕನ್ನಡದ ಮನೆಗಳಿಗೂ ಪರಿಚಿತ. ದಣಿದ ಹೆಂಗಸು ಹೊಸ್ತಿಲಿನ ಆಚೀಚೆಯೇ ಕೂರುತ್ತಾಳೆಂಬುದೂ ಅಷ್ಟೇ ಪರಿಚಿತ. ಮನೆಯಲ್ಲಿ ದುಡಿಮೆಗೆ ಗೊತ್ತಾದ ಜಾಗವುಂಟು, ಅವಳ ಬಿಡುವಿಗಿಲ್ಲ. ಬೀಸುವ ಕುಟ್ಟುವ ಹಾಡುಗಳನ್ನು ಜಾನಪದ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದರು. ಒರಳು ನಿಂತ ಮೇಲಿನ ಮೌನ ಯಾವ ಧ್ವನಿಸುರುಳಿಗೂ ಸಿಗುವಂಥದಲ್ಲ. ಇಳಯರಾಜರ ಕ್ಯಾನ್ವಾಸಿಗೆ ಅದು ಸಿಕ್ಕಿದೆ.

ರವಿವರ್ಮನ (1848-1906) ತೈಲಮಾಧ್ಯಮವೇ ಇಲ್ಲಿಯೂ ಇದೆ. ಆದರೆ ಅಲ್ಲಿ ಬಿಳುಪಾದ ಮೈಬಣ್ಣದ ರಾಣಿಯರಿಗೂ ಪುರಾಣನಾಯಕಿಯರಿಗೂ ಸಂದ ಬೆಳಕು ಇಲ್ಲಿ ಕಪ್ಪು ಮೈಯ ಹಳ್ಳಿಯ ಹೆಣ್ಣಿಗೆ ಸಂದಿದೆ. ಮುದ್ರಿತ ಪಟಗಳ ಮೂಲಕ ಮನೆಮನೆಯ ಗೋಡೆಯೇರಿದ ಆ ಸೌಂದರ್ಯಮಾದರಿಯ ಬಲವನ್ನು ನೆನೆದರೆ ಈ ಪಲ್ಲಟ ಸಣ್ಣದಲ್ಲ.

ಹಾಗೆಂದು ಇವನ್ನು ಕ್ಷೇತ್ರಕಾರ್ಯದ ದಾಖಲೆಗಳೆಂದು ಬಳಸುವುದು ಅಪಾಯಕರ. ಹಿತ್ತಾಳೆಯ, ಮಣ್ಣಿನ ಪಾತ್ರೆಗಳಿಗೆ ದೊರೆತ ಮನ್ನಣೆ, ಅದೇ ಕಾಲದ ತಮಿಳು ಹಳ್ಳಿಗಳಲ್ಲಿ ಎಲ್ಲೆಲ್ಲೂ ಇದ್ದ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳಿಗೆ ದೊರೆತಿಲ್ಲ. ಬಡತನವೂ ಇಲ್ಲಿ ತುಸು ತೊಳೆದಿಟ್ಟಂತೆ ಕಾಣುತ್ತದೆ. ಮನೆ ಯಾವ ಕೇರಿಯದೆಂಬುದು ತಿಳಿಯುವುದಿಲ್ಲ. ಕಲಾವಿದನ ಆಯ್ಕೆಯಿದು, ದೋಷವೆನ್ನಲಾಗದು. ಆದರೆ ಭೌತಿಕ ಸಂಸ್ಕೃತಿಯ ಅಧ್ಯಯನಕಾರರು ಈ ಚಿತ್ರಗಳನ್ನು ಆಕರವಾಗಿ ತೆಗೆದುಕೊಳ್ಳುವಾಗ, ಕಾವೇರಿ ಬಯಲಿನ ಮನೆಯೊಳಗೆ ಇದ್ದದ್ದೇನು, ಚೌಕಟ್ಟಿನಾಚೆ ಉಳಿದದ್ದೇನು ಎಂಬ ಎರಡು ಪಟ್ಟಿಗಳನ್ನೂ ಜೊತೆಯಲ್ಲಿಟ್ಟುಕೊಂಡೇ ನೋಡಬೇಕಾಗುತ್ತದೆ.