ಸಂರಚನಾ ಕಡತ ಎಲ್ಲಿರಬೇಕು?

ಜಾವಾದಲ್ಲಿ ಬರೆದ ವೆಬ್ ತಂತ್ರಾಂಶವನ್ನು ವಾರ್ ಎಂಬ ಒಂದೇ ಕಟ್ಟಾಗಿ, ಅಂದರೆ ಜಿಪ್ ಮಾದರಿಯಲ್ಲಿ ಅಡಕಗೊಳಿಸಿದ ಕಡತವಾಗಿ, ಟಾಮ್‌ಕ್ಯಾಟ್‌ನಂಥ ಸರ್ವರ್‌ಗೆ ಏರಿಸುವುದು ರೂಢಿ. ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್ ಮೊದಲಾದ, ಯಂತ್ರದಿಂದ ಯಂತ್ರಕ್ಕೆ ಬದಲಾಗುವ ವಿವರಗಳಿರುವ ಸಂರಚನಾ ಕಡತವನ್ನೂ ಆ ಕಟ್ಟಿನೊಳಗೇ ಸೇರಿಸಿಬಿಟ್ಟರೆ ಪರೀಕ್ಷೆಗೊಂದು, ಬಳಕೆಗೊಂದು ವಾರ್ ಕಟ್ಟಬೇಕಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದ ಕಟ್ಟೇ ಬಳಕೆಗೆ ಬಂದಿದೆ ಎಂಬ ಭರವಸೆ ಅಲ್ಲಿಗೇ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕಡತ, ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್‌ಗೆ ಸೇರಿದ ದಿನವೇ ಪಾಸ್‌ವರ್ಡ್ ಕೂಡ ಅದರ ಇತಿಹಾಸದಲ್ಲಿ ದಾಖಲಾಗುತ್ತದೆ, ಮುಂದೆ ಕಡತದಿಂದ ಅಳಿಸಿದರೂ ಹಳೆಯ ಪ್ರತಿಯಲ್ಲಿ ಉಳಿಯುತ್ತದೆ.

ಆದ್ದರಿಂದ ಎಲ್ಲೆಡೆಗೂ ಸಮಾನವಾದ ಮೌಲ್ಯಗಳು ಕಟ್ಟಿನೊಳಗೂ, ಬದಲಾಗುವವು ಹೊರಗಿನ ಕಡತದಲ್ಲಿ ಅಥವಾ ಕಾರ್ಯಾಚರಣ ವ್ಯವಸ್ಥೆಯೇ ಒದಗಿಸುವ ಪರಿಸರ ಚರಾಂಶಗಳಲ್ಲೂ ಇರುವುದು ಸರಿಯಾದ ಕ್ರಮ. 2014ರಲ್ಲಿ ಬಂದ ಜಾವಾ ಚೌಕಟ್ಟು ಸ್ಪ್ರಿಂಗ್ ಬೂಟ್ ಇದನ್ನೇ ನಿಯಮವಾಗಿಸಿತು: ಅಲ್ಲಿ ಒಳಗಿನ ಕಡತಕ್ಕಿಂತ ಹೊರಗಿನದು, ಅದಕ್ಕಿಂತ ಪರಿಸರ ಚರಾಂಶ, ಅದಕ್ಕೂ ಮಿಗಿಲಾಗಿ ಆದೇಶ ಸಾಲಿನಲ್ಲಿ ಕೊಟ್ಟ ಮೌಲ್ಯ ಮೇಲುಗೈ ಪಡೆಯುತ್ತದೆ. ಒಳಗಿನ ಕಡತವನ್ನು ಡಿಸ್ಕಿನ ಹಾದಿ ಹಿಡಿದು ತೆರೆಯಬಾರದು. ಸರ್ವರ್ ವಾರ್ ಅನ್ನು ಬಿಚ್ಚದೆಯೇ ಓಡಿಸಿದರೆ ಅಂಥ ಹಾದಿಯೇ ಇರುವುದಿಲ್ಲವಾದ್ದರಿಂದ, ತಂತ್ರಾಂಶದ ಭಾಗಗಳನ್ನು ಹುಡುಕಿ ತರುವ ಜಾವಾದ ಕ್ಲಾಸ್ ಲೋಡರ್ ಮೂಲಕ ಹರಿವಾಗಿ ಓದುವುದೇ ಕ್ಷೇಮ.

ಕಡತ ಎಲ್ಲೇ ಇರಲಿ, ಅದನ್ನು ಬರೆಯಲು ಬಳಸುವ ಪ್ರಾಪರ್ಟೀಸ್ ಎಂಬ ಸರಳ ಕಡತಮಾದರಿ, ಅಂದರೆ ಸಾಲಿಗೊಂದು ಹೆಸರು, ಸಮಚಿಹ್ನೆ, ಮೌಲ್ಯ ಇರುವ ಪಠ್ಯ, ನೋಟಕ್ಕೆ ಕಾಣುವಷ್ಟು ಸರಳವಲ್ಲ. ವಿಂಡೋಸ್ ಕೋಶದ ಹಾದಿಯನ್ನು ಹಾಗೇ ಬರೆದರೆ ಬ್ಯಾಕ್‌ಸ್ಲ್ಯಾಶ್ ವಿಶೇಷ ಸಂಕೇತವೆನಿಸಿ, ‘ಟೆಂಪ್’ ಎಂಬ ಹೆಸರಿನ ಮೊದಲಕ್ಷರ ಅದರ ಜೊತೆಗೂಡಿ ಟ್ಯಾಬ್ ಆಗಿಬಿಡುತ್ತದೆ. ಮೌಲ್ಯದ ಆರಂಭದ ಖಾಲಿ ಜಾಗವನ್ನು ಈ ಕಡತ ಓದುವ ಜಾವಾ ವರ್ಗ (ಕ್ಲಾಸ್) ತೆಗೆದುಹಾಕುತ್ತದೆ, ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಬೀಳದ ಆ ಒಂದು ಸ್ಪೇಸ್‌ನಿಂದ ಸರಿಯಾದ ಪಾಸ್‌ವರ್ಡ್ ಕೂಡ ತಿರಸ್ಕೃತವಾಗುತ್ತದೆ.

ಕನ್ನಡದಲ್ಲಿ ಸಂದೇಶ ತೋರಿಸುವ ತಂತ್ರಾಂಶಗಳಿಗೆ ಇನ್ನೂ ಒಂದು ತೊಡಕಿದೆ. ಬೈಟ್ ಹರಿವನ್ನು ಪ್ರಾಪರ್ಟೀಸ್ ಓದುವ ಆ ವರ್ಗ ಇಂದಿಗೂ ಪಶ್ಚಿಮ ಯುರೋಪಿನ ಲಿಪಿಗಳಿಗಾಗಿ ರೂಪಿಸಿದ ಐಎಸ್‌ಒ 8859-1 ಸಂಕೇತದಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ಉಳಿಸಿದ ‘ಕನ್ನಡ’ ಎಂಬ ಪದ ಅರ್ಧಾಕ್ಷರದ ಗುರುತು ಸೇರಿ 5 ಸಂಕೇತಗಳದ್ದಾದರೂ, ತಲಾ 3 ಬೈಟ್‌ಗಳಂತೆ 15 ಅಸಂಬದ್ಧ ಚಿಹ್ನೆಗಳಾಗಿ ಹೊರಬರುತ್ತದೆ. ಅದನ್ನು ತಪ್ಪಿಸಲು ಹಿಂದೆ ಪ್ರತಿ ಸಂಕೇತವನ್ನೂ ಆರು ಅಕ್ಷರಗಳ ಯುನಿಕೋಡ್ ಸಂಖ್ಯಾರೂಪಕ್ಕೆ ಇಳಿಸಬೇಕಿತ್ತು, ಹಾಗೆ ಇಳಿಸಿದ ಕನ್ನಡವನ್ನು ಕನ್ನಡಿಗರೇ ಓದಿ ತಿದ್ದುವಂತಿರಲಿಲ್ಲ. 2017ರ ಜಾವಾ 9 ಭಾಷಾವಾರು ಸಂದೇಶಗಳ ರಿಸೋರ್ಸ್ ಬಂಡಲ್‌ಗೆ ಯುಟಿಎಫ್-8 ಅನ್ನೇ ಪೂರ್ವನಿಯೋಜಿತವಾಗಿಸಿದ್ದು ಸ್ವಾಗತಾರ್ಹ. ಉಳಿದ ಪ್ರಾಪರ್ಟೀಸ್ ಕಡತಗಳನ್ನು 2006ರ ಜಾವಾ 6ರಿಂದ ಸಾಧ್ಯವಾಗಿರುವಂತೆ, ಬೈಟ್‌ಗಳ ಬದಲು ಅಕ್ಷರಗಳನ್ನು ಒದಗಿಸುವ ರೀಡರ್ ಮೂಲಕ, ಸಂಕೇತ ಪದ್ಧತಿಯನ್ನು ಸ್ಪಷ್ಟವಾಗಿ ಹೆಸರಿಸಿಯೇ ಓದಬೇಕು.