ಒಂದು ದಿನದ ಪಾಠ ಸಾಲದು

ಲಸಿಕೆಯ ಕುರಿತಾದ ವಾಟ್ಸಾಪ್ ವದಂತಿಗಳಿಂದ ಹೆತ್ತವರು ಕಂಗೆಟ್ಟಿದ್ದ ಕೇರಳದ ಕಣ್ಣೂರು ಜಿಲ್ಲೆಯಲ್ಲಿ, 2018ರ ವೇಳೆಗೆ ಸುಮಾರು 150 ಸರಕಾರಿ ಶಾಲೆಗಳು ಸುಳ್ಳುಸುದ್ದಿಯನ್ನು ಗುರುತಿಸುವ ಪಾಠ ಹೇಳತೊಡಗಿದವು. ಆಶಯ ಸ್ತುತ್ಯರ್ಹವೇ. ಆದರೆ ಪಾಠ ಹೇಳಿದ ಮಾತ್ರಕ್ಕೆ ವಿವೇಕ ಮೂಡೀತೇ?

ಬಿಹಾರದಲ್ಲಿ ವಯಸ್ಕರಿಗೆ ಒಂದು ತಾಸಿನ ತರಬೇತಿ ನೀಡಿ ಪರೀಕ್ಷಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗಣನೀಯ ಫಲ ಕಾಣಲಿಲ್ಲ. ಮುಂದೆ ಅದೇ ರಾಜ್ಯದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಅಧ್ಯಯನದಲ್ಲಿ, ಹಲವು ವಾರ ತರಗತಿಗೆ ಕುಳಿತ ಮಕ್ಕಳು ಸತ್ಯಾಸತ್ಯವನ್ನು ಹೆಚ್ಚು ಚೆನ್ನಾಗಿ ಬೇರ್ಪಡಿಸಿದರು. ನಾಲ್ಕು ತಿಂಗಳ ಬಳಿಕವೂ ಆ ಅರಿವು ಉಳಿದಿತ್ತು, ಹೆತ್ತವರಿಗೂ ಹಬ್ಬಿತ್ತು.

ಆದುದರಿಂದ ವರ್ಷಕ್ಕೊಂದು ಭಾಷಣ ಏರ್ಪಡಿಸಿ ಕೈತೊಳೆದುಕೊಳ್ಳುವ ಶಾಲೆಯನ್ನು ಮೆಚ್ಚಲಾಗದು. ಮನೆಯಲ್ಲಿ ಮಗು ‘ಇದನ್ನು ಹೇಳಿದವರಾರು?’ ಎಂದು ಕೇಳಿದರೆ ಗದರಬೇಡಿ. ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಉತ್ತರವನ್ನು ಹುಡುಕಿರಿ.