ವಿಶಿ ಯಾಕೆ ಇನ್ನೂ ಹೊರಗೆ?

ಐಸಿಸಿ ಹಾಲ್ ಆಫ್ ಫೇಮ್‌ನಲ್ಲಿ ಕರ್ನಾಟಕಕ್ಕೆ ಆಡಿದ ಅನಿಲ್ ಕುಂಬ್ಳೆ ಇದ್ದಾರೆ (2015), ರಾಹುಲ್ ದ್ರಾವಿಡ್ ಇದ್ದಾರೆ (2018). ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಇಲ್ಲ. ಇರಬೇಕಿತ್ತಾ?

ಮಣಿಪಾಲದಲ್ಲಿ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ತೆಗೆದರೆ ಎರಡೇ ಬಗೆಯ ಉತ್ತರ ಬರುತ್ತದೆ. ನನ್ನ ವಯಸ್ಸಿನವರು ಫೋನ್ ನೋಡಿ, "ಸರಾಸರಿ 41.93 ಮಾರಾಯ, ಸಾಕಾ ಅಷ್ಟು?" ಅಂತಾರೆ. ಹಿರಿಯರು, "ನೀನು ಅವರ ಸ್ಕ್ವೇರ್ ಕಟ್ ನೋಡಿದ್ದೀಯಾ?" ಅಂತ ಬಾಯಿ ಮುಚ್ಚಿಸುತ್ತಾರೆ. ನಾನು ನೋಡಿಲ್ಲ. ವಿಶಿ ಕೊನೆಯ ಟೆಸ್ಟ್ ಆಡಿದ್ದು 1983ರಲ್ಲಿ, ಆಗ ನಾನು ಹುಟ್ಟಿಯೇ ಇರಲಿಲ್ಲ. ಹಾಗಾಗಿ ಸೌಂದರ್ಯದ ವಾದ ನನಗೆ ಬೇಡ. ಸ್ಕೋರ್‌ಕಾರ್ಡ್ ಹಿಡಿದುಕೊಂಡೇ ಮಾತಾಡುವ.

ಮೊದಲು ನಿಯಮ. ಬ್ಯಾಟ್ಸ್‌ಮನ್ ಒಳಗೆ ಹೋಗಬೇಕಾದರೆ ಟೆಸ್ಟ್ ಅಥವಾ ಏಕದಿನದಲ್ಲಿ 8000 ರನ್ ಮತ್ತು 20 ಶತಕ ಬೇಕು, ಇಲ್ಲವೇ 50ಕ್ಕಿಂತ ಮೇಲೆ ಸರಾಸರಿ ಬೇಕು. ವಿಶಿ 91 ಟೆಸ್ಟ್‌ಗಳಲ್ಲಿ ಹೊಡೆದದ್ದು 6080 ರನ್, 14 ಶತಕ. ನಾವು ಬರೆಯುವ ಕ್ವೆರಿಯ ಹಾಗೆ ಫಿಲ್ಟರ್ ಹಾಕಿದರೆ ಈ ಹೆಸರು ರಿಸಲ್ಟ್‌ನಲ್ಲಿ ಬರುವುದೇ ಇಲ್ಲ.

ಆದರೆ ಫಿಲ್ಟರ್ ಬರೆದವನು ಡೇಟಾ ಎಲ್ಲಿಂದ ಬಂತು ಅಂತಲೂ ನೋಡಬೇಕು. ವಿಶಿಯ ವೇಗದಲ್ಲಿ 8000 ರನ್ ಮುಟ್ಟಲು ಸುಮಾರು 120 ಟೆಸ್ಟ್ ಬೇಕು. ಅವರೇನು ಗಾಯಗೊಂಡು ಕೂತವರಲ್ಲ, ಸತತ 87 ಟೆಸ್ಟ್ ಆಡಿದವರು. ತಂಡ ಆಡಿದ್ದೇ ಅಷ್ಟು. ಈಗಿನ ವೇಳಾಪಟ್ಟಿಗೆ ಹೊಂದುವ ಅಳತೆಯನ್ನು ಎಪ್ಪತ್ತರ ದಶಕಕ್ಕೆ ಹಿಡಿದರೆ ಅದು ನ್ಯಾಯವಾ?

ಇಲ್ಲಿ ಒಂದು ಗಟ್ಟಿ ಆಕ್ಷೇಪ ಉಂಟು. ಅದೇ ಕಾಲದಲ್ಲಿ, ಅದೇ ತಂಡದಲ್ಲಿ ಆಡಿದ ಗಾವಸ್ಕರ್ ಸರಾಸರಿ 51.12. ಹಾಗಾಗಿ "ಆಗ ರನ್ ಮಾಡುವುದು ಕಷ್ಟ ಇತ್ತು" ಎಂಬ ವಾದ ಒಂದೇ ನಿಲ್ಲುವುದಿಲ್ಲ. ಒಪ್ಪುವ. ಒಟ್ಟು ರನ್ನಿನ ಲೆಕ್ಕದಲ್ಲಿ ವಿಶಿ ಗಾವಸ್ಕರ್ ಅಲ್ಲವೇ ಅಲ್ಲ. ಪ್ರಶ್ನೆ ಇರುವುದು ಆ ರನ್ ಯಾವಾಗ ಬಂತು ಎಂಬುದರಲ್ಲಿ.

1975ರ ಜನವರಿ, ಚೆನ್ನೈಯ ಚೆಪಾಕ್. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ದಿನ ಭಾರತದ ಮೊತ್ತ 190. ಅದರಲ್ಲಿ ವಿಶಿ ಔಟಾಗದೆ 97, ಅರ್ಧಕ್ಕಿಂತ ಹೆಚ್ಚು. ಅದರ ಹಿಂದಿನ ಕಲ್ಕತ್ತಾ ಟೆಸ್ಟ್‌ನಲ್ಲಿ 139. ವೆಸ್ಟ್ ಇಂಡೀಸ್ ವಿರುದ್ಧದ ಆ ಸರಣಿಯಲ್ಲಿ ಭಾರತ ಗೆದ್ದದ್ದು ಈ ಎರಡೇ ಪಂದ್ಯ. 1976, ಪೋರ್ಟ್ ಆಫ್ ಸ್ಪೇನ್: 403ರ ಗುರಿ ಬೆನ್ನಟ್ಟಿ ಗೆದ್ದಾಗ ವಿಶಿ 112. 1981, ಮೆಲ್ಬರ್ನ್: ಮೊದಲ ಇನಿಂಗ್ಸ್‌ನ 237ರಲ್ಲಿ 114. ಆಸ್ಟ್ರೇಲಿಯಾ 83ಕ್ಕೆ ಉದುರಿದ್ದಕ್ಕೆ ಕಪಿಲ್ ದೇವ್ ನೆನಪಾಗುತ್ತಾರೆ, ಸರಿ. ಆದರೆ ಈ ಶತಕ ಇಲ್ಲದಿದ್ದರೆ ಕಪಿಲ್‌ಗೆ ಬೌಲ್ ಮಾಡಲು ಮೊತ್ತವೇ ಇರುತ್ತಿರಲಿಲ್ಲ. ಇನ್ನೊಂದು ಲೆಕ್ಕ: ವಿಶಿ ಶತಕ ಹೊಡೆದ ಒಂದೇ ಒಂದು ಟೆಸ್ಟ್‌ನಲ್ಲೂ ಭಾರತ ಸೋತಿಲ್ಲ.

ನಮ್ಮ ಕಾರ್ಕಳದ ಮಿಯಾರು, ಕಾಪು ಕಡೆಯ ಕಟಪಾಡಿ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗ, ನೇಗಿಲು ವಿಭಾಗದಲ್ಲಿ ಮೊದಲು ಗುರಿ ಮುಟ್ಟಿದ ಕೋಣಗಳು ಗೆದ್ದವು. ಕನೆ ಹಲಗೆಯಲ್ಲಿ ಲೆಕ್ಕವೇ ಬೇರೆ. ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲೋ ಏಳೂವರೆ ಕೋಲೋ ಎತ್ತರಕ್ಕೆ, ಮುಟ್ಟಿತಾ ಅಂತ ನೋಡುತ್ತಾರೆ. ಕನೆ ಹಲಗೆಯ ಕೋಣಕ್ಕೆ ಸ್ಟಾಪ್‌ವಾಚ್ ಹಿಡಿದು "ನೀನು ನಿಧಾನ" ಅಂದರೆ ಕಂಬಳದ ಕರೆಯಲ್ಲಿ ನಿಂತವರು ನಗುತ್ತಾರೆ. ಐಸಿಸಿಯ ಕೈಯಲ್ಲಿ ಇರುವುದು ಬರೀ ಸ್ಟಾಪ್‌ವಾಚ್.

ವಿಶಿಯ ಪರ ಮಾತಾಡುವವರು ತಪ್ಪದೆ ತೆಗೆಯುವ ಇನ್ನೊಂದು ಕಥೆ 1980ರ ಮುಂಬಯಿ ಟೆಸ್ಟ್‌ನದ್ದು. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ನಾಯಕ ವಿಶಿ ವಾಪಸ್ ಕರೆದರು, ಟೇಲರ್ ಮತ್ತು ಬಾಥಮ್ 171 ರನ್ ಸೇರಿಸಿದರು, ಭಾರತ ಸೋತಿತು. ದೊಡ್ಡ ಮನಸ್ಸು, ನಿಜ. ಆದರೆ ಹಾಲ್ ಆಫ್ ಫೇಮ್‌ಗೆ ಇದನ್ನೇ ಅರ್ಜಿ ಮಾಡಿದರೆ ವಿಶಿಯನ್ನು "ಪಾಪ, ಒಳ್ಳೆ ಮನುಷ್ಯ" ಎಂಬ ಕುರ್ಚಿಯಲ್ಲಿ ಕೂರಿಸಿದ ಹಾಗೆ. ಚೆಪಾಕ್‌ನ 97 ಹೊಡೆದವನಿಗೆ ಆ ರಿಯಾಯಿತಿ ಬೇಡ.

ನಿಯಮ ಬಗ್ಗುವುದಿಲ್ಲ ಎನ್ನುವಂತೆಯೂ ಇಲ್ಲ. 2021ರಲ್ಲಿ ಹಳೆಯ ಕಾಲಘಟ್ಟಗಳಿಗಾಗಿಯೇ ಒಂದು ವಿಶೇಷ ಪಟ್ಟಿ ಮಾಡಿ, 44 ಟೆಸ್ಟ್ ಆಡಿದ್ದ ವಿನೂ ಮಂಕಡ್ ಅವರನ್ನು ಸೇರಿಸಿಕೊಂಡರು. ಅದು ಸರಿಯಾದ ಕೆಲಸ. ಬಾಗಿಲು ಒಮ್ಮೆ ತೆರೆದದ್ದು ಹೌದಾದರೆ ಮತ್ತೊಮ್ಮೆ ತೆರೆಯಬಹುದು. ಚಂದ್ರಶೇಖರ್, ಪ್ರಸನ್ನ ಕೂಡ ಹೊರಗೇ ಇದ್ದಾರೆ ಎಂಬುದನ್ನೂ ಆಗ ನೆನಪಿಟ್ಟುಕೊಳ್ಳಲಿ.

ಒಂದು ಪಟ್ಟಿಯಿಂದ ಏನಾಗಬೇಕು ಅಂತ ಕೇಳಬಹುದು. ಆಗಬೇಕಾದ್ದು ಉಂಟು. ನಮ್ಮ ಹಿರಿಯರಿಗೆ ವಿಶಿ ರೇಡಿಯೋ ಕಾಮೆಂಟರಿಯಲ್ಲಿ ಸಿಕ್ಕಿದರು. ನಮಗೆ, ನಮ್ಮ ನಂತರದವರಿಗೆ ಆಟಗಾರರು ಸಿಗುವುದೇ ಪಟ್ಟಿಗಳಲ್ಲಿ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಯಾರೂ ಹುಡುಕುವುದಿಲ್ಲ. ಸ್ಕ್ವೇರ್ ಕಟ್ ನೋಡಿದವರ ತಲೆಮಾರು ಮುಗಿದ ಮೇಲೆ ಉಳಿಯುವುದು 41.93 ಎಂಬ ಒಂದು ಅಂಕಿ ಮಾತ್ರ, ಮತ್ತು ಆ ಅಂಕಿ ವಿಶಿಯ ಬಗ್ಗೆ ಹೇಳುವುದು ಬಹಳ ಕಡಿಮೆ.

ಹಾಗಾಗಿ ನನ್ನ ಓಟು ಸ್ಪಷ್ಟ: ಇರಬೇಕು. ಕರ್ನಾಟಕದವರು ಎಂಬ ಅಭಿಮಾನಕ್ಕೂ ಬೇಡ, ಟೇಲರ್ ಕಥೆಗೂ ಬೇಡ. ಕಲ್ಕತ್ತಾ, ಚೆಪಾಕ್, ಪೋರ್ಟ್ ಆಫ್ ಸ್ಪೇನ್, ಮೆಲ್ಬರ್ನ್, ಈ ನಾಲ್ಕು ಸ್ಕೋರ್‌ಕಾರ್ಡ್ ಮೇಜಿನ ಮೇಲೆ ಇಟ್ಟರೆ ಸಾಕು.